ತಿಪ್ಪೆ ತೆಗೆಯುವ ಹುಕುಮು

ಒಬ್ಬ ಮನುಷ್ಯನನ್ನು ನಾನು ಕೊಲ್ಲಬೇಕೆಂದೇ ಹೊಡೆದಿದ್ದೇನೆ. ಅವನು ಸಾಯಲಿಲ್ಲ. ನಾನು ಹೊಡೆಯುವ ಹೊತ್ತಿಗೆ ಬೇರೊಬ್ಬ ಆಗಲೇ ಸತ್ತಿದ್ದ. ಇದನ್ನು ನನ್ನ ಮಕ್ಕಳಿಗೂ ಪೂರ್ತಿಯಾಗಿ ಹೇಳಿಲ್ಲ.

ನಿಜಾಮರ ಕಾಲ. ನಾರಾಯಣಖೇಡದಿಂದ ನಾಗಲಗಿದ್ದದ ಕಡೆ ಹೋಗುವ ದಾರಿಯಲ್ಲಿ ನನ್ನ ಗಂಡನ ಊರು. ಕುರಿ ಸಾಕುವ ಮನೆತನ. ನಾನು ಮದುವೆಯಾಗಿ ಆ ಮನೆಗೆ ನಡೆಯಲು ಬಂದು ಒಂದು ವರ್ಷವಾಗಿತ್ತು. ಸುಗ್ಗಿ ಮುಗಿದ ಮೇಲೆ ಗಂಡ ಕುರಿ ಹೊಡೆದುಕೊಂಡು ಮಾಂಜ್ರಾ ನದಿಯ ದಂಡೆಗೆ ಹೋದರೆ ಮುಂಗಾರಿನ ತನಕ ಬರುತ್ತಿರಲಿಲ್ಲ. ಮನೆಯಲ್ಲಿ ಅತ್ತೆ, ಮಾವ, ನಾನು.

ಹಿಂದಿನ ಮಳೆಗಾಲದಲ್ಲಿ ಊರಿಗೆ ವಾಂತಿಭೇದಿ ಬಂದು ಬಹಳ ಜನ ಸತ್ತಿದ್ದರು. ಅದಾದ ಮೇಲೆ ಸರಕಾರದ ಹುಕುಮು ಬಂತು. ಊರೊಳಗಿನ ತಿಪ್ಪೆಗಳೆಲ್ಲ ಅಗಸೆ ಬಾಗಿಲಿನ ಹೊರಗೆ ಹೋಗಬೇಕು, ಬಾವಿಯ ಹತ್ತಿರ ದನ ಕಟ್ಟಬಾರದು, ಎರಡು ಬಂಡಿ ಎದುರುಬದುರು ಹೋಗುವಷ್ಟು ಓಣಿ ಅಗಲವಾಗಬೇಕು. ಚಾವಡಿಯ ಮುಂದೆ ಡಂಗುರ ಹೊಡೆದು ಹೇಳಿದರು. ಅದು ಕೆಟ್ಟ ಹುಕುಮು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ನಮ್ಮ ತಿಪ್ಪೆ ಬಾವಿಗೆ ಹತ್ತು ಮಾರು ದೂರದಲ್ಲಿತ್ತು. ಮಳೆ ಬಂದರೆ ಅದರ ಕಪ್ಪು ನೀರು ಎಲ್ಲಿಗೆ ಹರಿಯುತ್ತಿತ್ತೆಂದು ನಾನೇ ನೋಡಿದ್ದೆ. ಅತ್ತೆಯೂ ಹುಕುಮು ಕೇಳಿ, "ಇದು ಮದ್ಲೇ ಮಾಡಬೇಕಿತ್ತು" ಅಂದಳು. ಇಬ್ಬರೂ ಎರಡು ದಿನ ಬುಟ್ಟಿಯಲ್ಲಿ ಗೊಬ್ಬರ ಹೊತ್ತು ಊರಾಚೆ ಹಾಕಿದೆವು. ನನ್ನ ಕುತ್ತಿಗೆ ಹಿಡಿದುಕೊಂಡು ಮಲಗಲಿಕ್ಕೂ ಆಗಲಿಲ್ಲ.

ಮೂರನೆಯ ದಿನ ಗಿರ್ದಾವರ ಬಂದ. ಜಮೀನಿನ ಲೆಕ್ಕ, ಅಳತೆ ನೋಡುವ ಅಧಿಕಾರಿ. ಜೊತೆಗೆ ಅಳತೆಯ ಸರಪಳಿ, ಒಂದು ಬುಟ್ಟಿ ಸುಣ್ಣ, ಒಬ್ಬ ಜವಾನ. ಊರ ಪಟೇಲ ಮುಂದೆ ಮುಂದೆ ನಡೆದು ದಾರಿ ತೋರಿಸುತ್ತಿದ್ದ. ಅಗಸೆಯಿಂದ ಹನುಮಪ್ಪನ ಗುಡಿಯ ತನಕ ಓಣಿ ನೆಟ್ಟಗಾಗಬೇಕಂತೆ, ದೊಡ್ಡ ಸಾಹೇಬರು ಊರು ನೋಡಲು ದೌರಾ ಬರುವವರಿದ್ದರಂತೆ.

ಓಣಿಯೊಳಗೆ ಎಲ್ಲಕ್ಕಿಂತ ಮುಂದೆ ಚಾಚಿಕೊಂಡಿದ್ದದ್ದು ಪಟೇಲನ ವಾಡೆಯ ಕಟ್ಟೆ. ಸುಣ್ಣದ ಗೆರೆ ಅಗಸೆಯಿಂದ ನೆಟ್ಟಗೆ ಬಂತು. ಕಟ್ಟೆ ಬಂದಕೂಡಲೇ ಸೊಟ್ಟಗಾಗಿ, ಓಣಿಯ ಈಚೆ ಬದಿಗೆ ಹೊರಳಿ, ನಮ್ಮ ಪಡಸಾಲೆಯ ನಡುವೆ ಹಾದು ಮುಂದೆ ಹೋಯಿತು. ನಾನು ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದೆ. ಜವಾನ ಒಳಗೆ ಬಂದು ನಮ್ಮ ಬೀಸುವ ಕಲ್ಲಿನ ಪಕ್ಕದಲ್ಲಿ ಸುಣ್ಣ ಉದುರಿಸಿ ಹೋದ.

ಮಾವ ಮೆತ್ತಗಿನ ಮನುಷ್ಯ. ದನಿಯೆತ್ತಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವತ್ತೂ ಕೈ ಮುಗಿದೇ ಕೇಳಿದ.

"ಗೆರಿ ಸೊಟ್ಟ ಆಗ್ಯಾದಲ್ರಿ ಪಟೇಲ್ರ. ನಿಮ್ಮ ಕಟ್ಟಿ ಬಿಟ್ಟು ನಮ್ಮ ಮನ್ಯಾಗ ಬಂದದ."

ಪಟೇಲ ಮುಂದೆ ಬಂದು ಕಪಾಳಕ್ಕೆ ಹೊಡೆದ. ಮಾವನ ರುಮಾಲು ಬಿದ್ದು ಸುಣ್ಣದ ಮೇಲೆ ಉರುಳಿತು. ಅದನ್ನು ಎತ್ತಿಕೊಳ್ಳಲು ಬಾಗಿದಾಗ ಪಟೇಲ ಮುಖಕ್ಕೇ ಒದ್ದ. ಮಾವ ಮಣ್ಣಿನಲ್ಲಿ ಕೂತು ಬಾಯಿಯಿಂದ ಹಲ್ಲು ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದ. ಗಿರ್ದಾವರ ಎಲೆ ಅಡಿಕೆ ಹಾಕಿಕೊಳ್ಳುತ್ತ ಆ ಕಡೆ ಮುಖ ತಿರುಗಿಸಿದ.

ನಾಲ್ಕು ದಿನ ಬಿಟ್ಟು, ಬೆಳಗಿನ ರೊಟ್ಟಿ ಬಡಿಯುವ ಹೊತ್ತಿಗೆ, ಮನೆ ಒಡೆಯಲು ಬಂದರು. ಪಟೇಲ, ಗಿರ್ದಾವರ, ಜವಾನ, ಅವರ ಜೊತೆ ನಾಲ್ವರು ಬಿಟ್ಟಿ ಆಳುಗಳು. ಕೂಲಿಯಿಲ್ಲದೆ ಸರಕಾರದ ಕೆಲಸ ಮಾಡಲೇಬೇಕಾದ ಕೇರಿಯ ಜನ. ಅವರಲ್ಲೊಬ್ಬ ನಮ್ಮ ಮನೆಗೆ ಬೇಕಾದವನು. ಸತ್ತ ಕುರಿಯ ತೊಗಲು ಸುಲಿಯಲು, ಉಣ್ಣೆ ಕತ್ತರಿಸುವಾಗ ಕೈ ಜೋಡಿಸಲು ಅವನೇ ಬರುತ್ತಿದ್ದ. ಅವನ ಹೆಂಡತಿ ನನಗಿಂತ ಐದಾರು ವರ್ಷ ದೊಡ್ಡವಳು. ಉಣ್ಣೆ ಹಿಂಜುವಾಗ ಅಂಗಳದಲ್ಲಿ ಕೂತು ನನ್ನ ಜೊತೆ ಮಾತಾಡುವ ಒಬ್ಬಳೇ ಒಬ್ಬಳು ಅವಳು.

ಅತ್ತೆ ಒಳಗೆ ಹೋಗಿ ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು ಕೂತಳು.

"ಒಡೀರಿ. ನನ್ನ ಮ್ಯಾಲೇ ಕೆಡವ್ರಿ."

ನಮಗೆ ಬೇಕಾದ ಆ ಆಳು ಹಾರೆ ಕೆಳಗಿಟ್ಟ. "ಅವ್ವ ಒಳಗ ಕುಂತಾಳ್ರಿ. ನನ್ನ ಕೈಲಿ ಆಗಂಗಿಲ್ಲರಿ."

ಜವಾನ ಸೊಂಟದ ಪಟ್ಟಿ ಬಿಚ್ಚಿ ಅವನ ಬೆನ್ನಿಗೆ ಬಾರಿಸತೊಡಗಿದ. ಅವನು ಕೂಗಲಿಲ್ಲ, ಓಡಲೂ ಇಲ್ಲ. ಹೊಡೆತಕ್ಕೊಮ್ಮೆ ಮುಂದೆ ಬಾಗುತ್ತಿದ್ದ, ಮತ್ತೆ ನೆಟ್ಟಗಾಗುತ್ತಿದ್ದ. ಬೆನ್ನಿನ ಮೇಲೆ ರಕ್ತ ಕಂಡಾಗ ಅತ್ತೆ ಒಳಗಿನಿಂದಲೇ, "ಅವನಿಗ್ಯಾಕ ಹೊಡೀತೀರಿ, ನನ್ನ ಹೊಡೀರಿ" ಎಂದು ಚೀರಿದಳು. ಪಟೇಲ ಒಳಗೆ ನುಗ್ಗಿ ಅವಳ ತುರುಬು ಹಿಡಿದು ಎಳೆದ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವನು ಮೊಣಕೈಯ ಮೇಲೆ ಕಾಲಿಟ್ಟು ತುಳಿದ. ಒಣಗಿದ ಜೋಳದ ದಂಟು ಮುರಿದಂಥ ಸದ್ದು. ಆಮೇಲೆ ಅವಳ ಕೈ ತಾನಾಗಿಯೇ ಬಿಟ್ಟಿತು, ಅವಳನ್ನು ಅಂಗಳಕ್ಕೆ ಎಳೆದು ಹಾಕಿದ.

ನಮ್ಮದು ಮಣ್ಣಿನ ಮಾಳಿಗೆ. ಮೇಲೆ ಒಂದು ಮೊಳ ದಪ್ಪ ಮಣ್ಣು, ಅದರ ಭಾರವೆಲ್ಲ ಮುಂದಿನ ಗೋಡೆಯ ತೊಲೆಯ ಮೇಲೆ. ಪೆಟ್ಟು ತಿಂದ ಆ ಆಳಿಗೆ ಅದು ಗೊತ್ತಿತ್ತು. ಹಾರೆ ಎತ್ತುವ ಮುಂಚೆ ಹೇಳಿದ, "ಮದ್ಲ ತೊಲಿಗಿ ಕಂಬ ಆನಸಬೇಕ್ರಿ. ಇಲ್ಲಂದ್ರ ಮಾಳಗಿ ಕುಂದರತದ."

"ನಾಡದು ಸಾಹೇಬರು ಬರ್ತಾರ. ಕಂಬ ಹುಡಕಾಕ ಪುರಸೊತ್ತಿಲ್ಲ" ಅಂದ ಪಟೇಲ. ಗಿರ್ದಾವರ, "ತೋಡೋ, ತೋಡೋ" ಎಂದು ಉರ್ದುವಿನಲ್ಲಿ ಒಡೆಯಲು ಹೇಳಿ ಕೈ ಬೀಸಿದ.

ಒಡೆದರು. ಏಳೆಂಟು ಹೊಡೆತ ಬಿದ್ದಿರಬೇಕು. ತೊಲೆ ಒಮ್ಮೆ ನರಳಿತು. ಉಳಿದ ಮೂವರು ಹಿಂದೆ ಜಿಗಿದರು. ಅವನು ಒಳಗಿದ್ದ. ಮಾಳಿಗೆ ಒಂದೇ ಸಲಕ್ಕೆ ಕೂತುಬಿಟ್ಟಿತು. ಧೂಳಿನಲ್ಲಿ ಏನೂ ಕಾಣಲಿಲ್ಲ. ನಾನು, ಮಾವ, ಆ ಮೂವರು ಕೈಯಿಂದಲೇ ಮಣ್ಣು ತೋಡಿದೆವು. ನನ್ನ ಉಗುರು ಕಿತ್ತು ಬಂದದ್ದು ಸಂಜೆ ತನಕ ನನಗೆ ತಿಳಿದಿರಲಿಲ್ಲ. ಮೊದಲು ಕಾಲು ಸಿಕ್ಕಿತು, ಆಮೇಲೆ ಎದೆ. ತೊಲೆ ಎದೆಯ ಮೇಲೇ ಬಿದ್ದಿತ್ತು. ಬಾಯಿ, ಮೂಗು, ಕಣ್ಣು ಎಲ್ಲ ಮಣ್ಣು. ನಾನು ಸೆರಗಿನಿಂದ ಬಾಯೊಳಗಿನ ಮಣ್ಣು ತೆಗೆದೆ. ಆ ಬಾಯಿ ಇನ್ನೂ ಬೆಚ್ಚಗಿತ್ತು.

ಪಟೇಲ ಬಗ್ಗಿ ನೋಡಿದ. "ಗ್ವಾಡಿ ಹಸಿ ಇತ್ತು ಕಾಣಸ್ತದ. ಅವನ ಹಣೇಬರ" ಅಂದ. ಆಮೇಲೆ ಆ ಮೂವರ ಕಡೆ ತಿರುಗಿ, "ಇವನ್ನ ಬಾಜೂಕ ಸರಸ್ರಿ. ಮಣ್ಣು ಬಂಡಿಗಿ ತುಂಬ್ರಿ" ಅಂದ.

ಒನಕೆ ಎಲ್ಲಿತ್ತು, ಹೇಗೆ ಕೈಗೆ ಬಂತು ಎನ್ನುವುದು ನನಗೆ ನೆನಪಿಲ್ಲ. ಎರಡೂ ಕೈಯಿಂದ ಎತ್ತಿದ್ದು ನೆನಪಿದೆ. ಪಟೇಲನ ತಲೆಗೇ ಗುರಿಯಿಟ್ಟಿದ್ದೆ. ಅವನು ಹೊರಳಿದ್ದರಿಂದ ಹೆಗಲಿಗೆ ಬಿತ್ತು. ಅವನು ನೆಲಕ್ಕೆ ಬಿದ್ದ. ಎರಡನೆಯ ಸಲ ಮೊಣಕಾಲಿಗೆ ಹೊಡೆದೆ. ಅವನು ಹೆಂಗಸಿನ ಹಾಗೆ ಕಿರುಚಿದ. ಆ ಕಿರುಚಾಟ ಕೇಳಿ ನನಗೆ ಸುಖವಾಯಿತು. ಸುಳ್ಳು ಯಾಕೆ ಹೇಳಲಿ, ಹಸಿದ ಹೊತ್ತಿನಲ್ಲಿ ಬಿಸಿ ರೊಟ್ಟಿ ಸಿಕ್ಕಂಥ ಸುಖ. ಮೂರನೆಯ ಸಲ ಎತ್ತುವಷ್ಟರಲ್ಲಿ ಜವಾನನ ಕೋಲು ನನ್ನ ಕಿವಿಯ ಮೇಲೆ ಬಿತ್ತು. ಆಮೇಲೆ ಎಷ್ಟು ಬಿದ್ದವೋ. ಎಡಗಿವಿ ಅವತ್ತೇ ಹೋಯಿತು.

ನನ್ನನ್ನು ಚಾವಡಿಯ ಕಂಬಕ್ಕೆ ಕಟ್ಟಿದರು. ಸರಕಾರದ ಕೆಲಸದಲ್ಲಿದ್ದವರ ಮೇಲೆ ಕೈ ಮಾಡಿದವಳೆಂದು ಬೀದರಿನ ಜೇಲಿಗೆ ಕಳಿಸುತ್ತೇವೆ ಅಂದರು. ಬಿಸಿಲು ನೆತ್ತಿಗೆ ಬಂದಿತ್ತು. ಆಗ ಕೇರಿಯ ಹೆಂಗಸರು ಹೆಣ ಹೊತ್ತು ತಂದು ಚಾವಡಿಯ ಮುಂದೆ, ಬಯಲಿನಲ್ಲಿ ಇಳಿಸಿದರು. ಅವನ ಹೆಂಡತಿ ತಲೆಯ ಹತ್ತಿರ ಕೂತಳು. ಯಾರೂ ಅಳಲಿಲ್ಲ, ಯಾರೂ ಎದ್ದು ಹೋಗಲೂ ಇಲ್ಲ. ಜವಾನ ಗದರಿದ, ಕೋಲು ಎತ್ತಿದ. ಅವರು ಕೂತೇ ಇದ್ದರು.

ಗಿರ್ದಾವರನಿಗೆ ಆಗ ಹೆದರಿಕೆ ಹತ್ತಿತು. ಸಾಹೇಬರ ದೌರಾ ಇರುವಾಗ ಊರ ನಡುವೆ ಹೆಣ. ಅವನೇ ಕೂತು ಉರ್ದುವಿನಲ್ಲಿ ಪಂಚನಾಮೆ ಬರೆದ. ಮಸಿಯ ಡಬ್ಬಿ ಹಿಡಿದು ಸತ್ತವನ ಹೆಂಡತಿಯ ಹತ್ತಿರ ಬಂದ.

"ಏನ್ ಬರದೀರಿ? ಓದ್ರಿ" ಅಂದಳು ಅವಳು.

ಹಳೆಯ ಗೋಡೆ ತಾನಾಗಿಯೇ ಬಿತ್ತು, ಯಾರದೂ ತಪ್ಪಿಲ್ಲ ಎಂದು ಬರೆದಿತ್ತು. ಓದಿ ಹೇಳಿದ ಮೇಲೆ ಅವನೇ ದನಿ ತಗ್ಗಿಸಿ, ನೀನು ಹೆಬ್ಬೆಟ್ಟು ಒತ್ತಿದರೆ ಈ ಹುಡುಗಿಯ ಮೇಲೂ ಕೇಸಿಲ್ಲ, ಇಲ್ಲದಿದ್ದರೆ ಇವಳು ಬೀದರಿಗೆ ಹೋಗುತ್ತಾಳೆ ಅಂದ.

ನಾನು ಕಂಬದಿಂದಲೇ ಕೂಗಿದೆ. "ಒತ್ತಬ್ಯಾಡ! ಅಕ್ಕಾ, ಒತ್ತಬ್ಯಾಡ! ನಾ ಹೋಗ್ತೀನಿ!"

ಅವಳು ನನ್ನನ್ನು ನೋಡಿದಳು. ಗಂಡನ ಮುಖದ ಮೇಲಿನ ನೊಣ ಓಡಿಸಿದಳು. ಆಮೇಲೆ ಹೆಬ್ಬೆರಳು ಮಸಿಯಲ್ಲಿ ಅದ್ದಿ ಒತ್ತಿದಳು. "ಸತ್ತಾಂವ ಬರಂಗಿಲ್ಲ. ಆಕಿನ ಬಿಡ್ರಿ" ಅಂದಳು.

ಸುದ್ದಿ ಮುಟ್ಟಿ ನನ್ನ ಗಂಡ ಎರಡು ದಿನದ ಮೇಲೆ ಬಂದ. ಬಿದ್ದ ಮನೆ, ತಾಯಿಯ ಕೈ, ನನ್ನ ಮುಖ ನೋಡಿ ಕೊಡಲಿ ಎತ್ತಿಕೊಂಡ. ಅತ್ತೆ ದಬ್ಬೆ ಕಟ್ಟಿದ ಕೈಯಲ್ಲೇ ಅಡ್ಡ ನಿಂತು, "ಒಂದು ಹೆಣ ಸಾಕು ಈ ಊರಿಗಿ" ಅಂದಳು. ಅವನು ಕೊಡಲಿಯನ್ನು ಅಂಗಳದ ಬೇವಿನ ಮರಕ್ಕೆ ಹೊಡೆದ, ಹೊಡೆಯುತ್ತಲೇ ಹೋದ. ಮರ ಉರುಳಿದ ಮೇಲೆ ಕೂತು ಅತ್ತ.

ದೊಡ್ಡ ಸಾಹೇಬರು ನಮ್ಮ ಓಣಿಗೆ ಬರಲಿಲ್ಲ. ನಾರಾಯಣಖೇಡದಲ್ಲೇ ಊಟ ಮುಗಿಸಿ ಮೋಟಾರಿನಲ್ಲಿ ಜಹೀರಾಬಾದಿಗೆ ಹೋದರೆಂದು ಸುದ್ದಿ. ಪಟೇಲ ಮುಂದೆ ಕುಂಟುತ್ತಲೇ ನಡೆದ. ಯಾರು ಕೇಳಿದರೂ ಎತ್ತಿನ ಬಂಡಿಯಿಂದ ಬಿದ್ದೆ ಅನ್ನುತ್ತಿದ್ದ. ನಾವು ಊರ ಹೊರಗೆ, ಕುರಿಯ ದೊಡ್ಡಿಯ ಹತ್ತಿರ ಮನೆ ಕಟ್ಟಿಕೊಂಡೆವು. ಬಾವಿ ಸ್ವಚ್ಛವಾಯಿತು, ಅದೂ ನಿಜ. ಮರುವರ್ಷ ವಾಂತಿಭೇದಿ ನಮ್ಮ ಊರಿಗೆ ಬರಲಿಲ್ಲ. ಅದಕ್ಕೆ ಸಂತೋಷ ಪಡಬೇಕೋ ಬೇಡವೋ ನನಗೆ ತಿಳಿಯಲಿಲ್ಲ.

ಸತ್ತವನ ಹೆಂಡತಿ ಗಂಡನ ಜಾಗದಲ್ಲಿ ಉಣ್ಣೆಯ ಕೆಲಸಕ್ಕೆ ಬರತೊಡಗಿದಳು. ನನಗೋಸ್ಕರ ಗಂಡನ ಸಾವಿನ ನ್ಯಾಯವನ್ನೇ ಬಿಟ್ಟುಕೊಟ್ಟಳಲ್ಲ ಎನ್ನುವ ಭಾರ ನನ್ನ ಮೇಲಿತ್ತು. ಅವಳೆದುರು ನೆಟ್ಟಗೆ ಕಣ್ಣೆತ್ತಿ ಮಾತಾಡುತ್ತಿರಲಿಲ್ಲ. ಐದಾರು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಧೈರ್ಯ ಮಾಡಿ ಕೇಳಿದೆ.

"ಅವತ್ತ ನನ್ನ ಸಲುವಾಗಿ ಯಾಕ ಒತ್ತಿದಿ ಅಕ್ಕ?"

ಅವಳು ಉಣ್ಣೆಯೊಳಗಿನ ಮುಳ್ಳು ಕೀಳುತ್ತಿದ್ದಳು. ತಲೆ ಎತ್ತಲಿಲ್ಲ.

"ನಿನ್ನ ಸಲುವಾಗಿ ಅಂತ ಯಾರ್ ಹೇಳ್ಯಾರ? ಹೆಣ ಬಿಸಲಾಗ ಇತ್ತು. ನೊಣ ಕುಂದರಲಾಕತ್ತಿದ್ವು. ಲಗೂ ಮಣ್ಣು ಮಾಡಬೇಕಿತ್ತು."

ನಾನೂ ಮುಳ್ಳು ಕೀಳತೊಡಗಿದೆ. ಆಮೇಲೆ ಅವಳೇ ಕೇಳಿದಳು, "ನೀ ಇನ್ನೊಂದು ಹೊಡತ ಹಾಕಿದ್ದಿ ಅಂದ್ರ ಸಾಯ್ತಿದ್ನೇನು ಆ ಪಟೇಲ?"

"ಸಾಯ್ತಿದ್ದ" ಅಂದೆ.

ಅವಳು ಹೂಂ ಅಂದಳು. ಉಣ್ಣೆಯ ಉಂಡೆಯನ್ನು ನನ್ನ ಕಡೆ ತಳ್ಳಿ, ಇನ್ನೊಂದಕ್ಕೆ ಕೈ ಹಾಕಿದಳು.