ಹಾಲು ಬತ್ತಿಸಿದ ಮಲ್ಲಿಗೆ

ಆಗ ನಾವು ಬೇಗಂಪೇಟೆಯ ಬಾಡಿಗೆ ಮನೆಯಲ್ಲಿದ್ದೆವು. ಬೇಸಿಗೆ ಬಂತೆಂದರೆ ಅಂಗಳದ ದುಂಡುಮಲ್ಲಿಗೆಯ ಮೇಲೆ ಅಜ್ಜಿಯದೇ ದರ್ಬಾರು. ಬಿಸಿಲಿಗೆ ಕಣ್ಣು ಉರಿದರೆ ಒದ್ದೆ ಬಟ್ಟೆಯಲ್ಲಿ ಹೂವಿಟ್ಟು ಕಟ್ಟುತ್ತಿದ್ದಳು. ಬಾಡಿದ್ದನ್ನೂ ಬಿಡದೆ ಕೊಬ್ಬರಿ ಎಣ್ಣೆಗೆ ಹಾಕಿ, ನಮ್ಮ ಒಡೆದ ಹಿಮ್ಮಡಿಗೆ ತಿಕ್ಕುತ್ತಿದ್ದಳು. ಆ ಜಿಡ್ಡುಗಾಲಲ್ಲಿ ಕುಂಟಾಬಿಲ್ಲೆ ಆಡಿ ಜಾರಿ ಬಿದ್ದರೆ ಬೈಗುಳವೂ ನಮಗೇ.

ನನಗೆ ಎಂಟು ವರ್ಷವಾಗಿದ್ದಾಗ ಅಜ್ಜಿಯ ಮಗಳು, ನನ್ನ ಶಾಂತತ್ತೆ, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಗಂಡು ಕೂಸು ಹುಟ್ಟಿತು. ಆದರೆ ದವಾಖಾನೆಯಿಂದ ಅತ್ತೆ ಬರಿಗೈಯಲ್ಲಿ ಮರಳಿದಳು. ಕೂಸೆಲ್ಲಿ ಎಂದು ಕೇಳಿದರೆ, ಅಲ್ಲೇ ಇದೆ, ಸ್ವಲ್ಪ ದೊಡ್ಡದಾದ ಮೇಲೆ ತರುತ್ತೇವೆ ಎಂದರು ಅಪ್ಪ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಅಳುವೂ ಇಲ್ಲ, ಮಾತೂ ಇಲ್ಲ. ಹಾಲು ಕಟ್ಟಿ ಎದೆ ಕಲ್ಲಾಗಿ, ಜ್ವರ ಬಂದಿತ್ತು.

ಮರುದಿನ ಅಜ್ಜಿ ಬುಟ್ಟಿ ತುಂಬ ಮಲ್ಲಿಗೆ ಬಿಡಿಸಿದಳು. ತೊಟ್ಟಿಲು ಕಾರ್ಯಕ್ಕೇ ಇರಬೇಕೆಂದು ನಾನು ಹಿಗ್ಗಿದೆ. ಇದನ್ನು ಎದೆಗೆ ಕಟ್ಟಿದರೆ ಹಾಲು ಬತ್ತುತ್ತದೆ ಎಂದು ಅವಳು ಅಮ್ಮನಿಗೆ ಹೇಳಿದ್ದು ಕಿವಿಗೆ ಬಿತ್ತು. ನಾಳೆ ಕೂಸು ಬಂದರೆ ಏನು ಕುಡಿಯಬೇಕು? ಅಜ್ಜಿ ಹಳೆಯ ಸೀರೆ ಹುಡುಕಲು ಒಳಗೆ ಹೋದಾಗ ಬುಟ್ಟಿಯನ್ನು ಬಚ್ಚಲ ಹಂಡೆಯ ಹಿಂದೆ ಬಚ್ಚಿಟ್ಟೆ.

ಮಲ್ಲಿಗೆಯನ್ನು ಬಚ್ಚಿಡಲಾದೀತೇ! ಘಮವೇ ನನ್ನನ್ನು ಹಿಡಿದುಕೊಟ್ಟಿತು. ಅಜ್ಜಿ ನನ್ನನ್ನು ಅತ್ತೆಯ ಮಂಚದ ತನಕ ದರದರ ಎಳೆದು ತಂದು ಕೈಯೆತ್ತಿದಳು.

"ಪಾಪುಗ ಹಾಲು ಬೇಕಲ್ಲಬೇ," ಎಂದೆ.

ಅಜ್ಜಿಯ ಕೈ ಹಾಗೇ ನಿಂತಿತು. ಅತ್ತೆ ಗೋಡೆಯಿಂದ ಮುಖ ತಿರುಗಿಸಿ ನನ್ನನ್ನೇ ನೋಡಿದಳು.

"ಕೂಸು ಹೋಗೇತವ್ವಾ. ಇನ್ನ ಬರಂಗಿಲ್ಲ. ಆ ಹೂವು ಕೊಡು, ಭಾಳ ನೋಯಾಕತ್ತೈತಿ."

ಹಾಗೆಂದವಳೇ ಮನೆಯೆಲ್ಲ ಕೇಳುವಂತೆ ಅತ್ತಳು. ಅವಳ ಜೊತೆ ಅಜ್ಜಿಯೂ ಅಮ್ಮನೂ ಅಳುತ್ತಲೇ ಹೂ ಕಟ್ಟಿದರು. ಮೂರು ದಿನ ಬೆಳಿಗ್ಗೆ ಸಂಜೆ ಹೂ ಬದಲಿಸುತ್ತ, ಮೈ ಒರೆಸುತ್ತ, ಇಬ್ಬರೂ ಅವಳ ಮಗ್ಗುಲು ಬಿಡಲಿಲ್ಲ. ಜ್ವರ ಇಳಿಯಿತು, ಹಾಲೂ ಬತ್ತಿತು.

ಆ ಮೂವರಲ್ಲಿ ಈಗ ಒಬ್ಬರೂ ಇಲ್ಲ. ಹೋದ ವರ್ಷ ನನ್ನ ಕೂಸೂ ಉಳಿಯಲಿಲ್ಲ. ಮಣಿಕೊಂಡದ ಫ್ಲ್ಯಾಟಿನಲ್ಲಿ ಕೂತು ಡಾಕ್ಟರು ಬರೆದುಕೊಟ್ಟ ಮಾತ್ರೆ ನುಂಗಿದೆ. ಹಾಲು ನಿಂತಿತು, ಮದ್ದಿನಲ್ಲಿ ತಪ್ಪೇನೂ ಇಲ್ಲ. ಧೈರ್ಯವಾಗಿರು ಎಂದು ಎಲ್ಲರೂ ಫೋನು ಮಾಡಿದರು. ಹತ್ತಿರ ಕೂತು ಎದೆ ಮುಟ್ಟಿ ನೋಡಿ, ನೋಯಾಕತ್ತೈತೇನವ್ವಾ ಎಂದು ಕೇಳಲು ಮಾತ್ರ ಯಾರೂ ಇರಲಿಲ್ಲ.