ಇಲ್ಲ ಎಂದು ಬರೆದುಕೊಟ್ಟವಳು ಜೇವರ್ಗಿಗೆ ಹೋದದ್ದು

ಆಳಂದದಿಂದ ಅಫಜಲಪುರಕ್ಕೆ ಬೆಳಿಗ್ಗೆ ಏಳೂವರೆಗೆ ಬಸ್ಸು. ಸರಸಂಬಾದಿಂದ ಹಾಲಿನ ಟೆಂಪೋ ಹತ್ತಿ ಬಂದ ನಾನು ಆರೂಮುಕ್ಕಾಲಿಗೇ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಎಂಬತ್ತರ ದಶಕದ ನಡುವಿನ ಮಾತು ಇದು. ಫೆಬ್ರುವರಿ ಮುಗಿಯುತ್ತ ಬಂದಿದ್ದರೂ ಬೆಳಗಿನ ಹೊತ್ತು ಸೆರಗು ಹೊದೆಯುವಷ್ಟು ಚಳಿಯಿತ್ತು. ಚೀಲದಲ್ಲಿ ನಾಲ್ಕು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಸೀರೆ, ಮತ್ತು ನನ್ನ ಬಸುರಿಯರ ರಜಿಸ್ಟರು. ಸರಕಾರಿ ರಜಿಸ್ಟರನ್ನು ಹೀಗೆ ಹೊತ್ತುಕೊಂಡು ಊರೂರು ತಿರುಗಬಾರದೆಂದು ನನಗೆ ಗೊತ್ತಿತ್ತು. ಮೂರು ದಿನದ ರಜೆ ಅರ್ಜಿಯಲ್ಲಿ ಗಾಣಗಾಪುರದ ದರ್ಶನ ಎಂದು ಬರೆದಿದ್ದೆ. ಅದನ್ನು ನಂಬಿ ಪಕ್ಕದ ಮನೆಯವರು ದೇವರಿಗೆ ಒಡೆಸಲು ಒಂದು ತೆಂಗಿನಕಾಯಿಯನ್ನೂ ಕೊಟ್ಟಿದ್ದರು.

ಹೊರಟ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಆ ಭಾಗದ ಹಳ್ಳಿಗಳ ನರ್ಸಬಾಯಿ. ಹಿಂದಿನ ವರ್ಷ ಕಿಣ್ಣಿ ಸುಲ್ತಾನದ ಶಾಂತಾ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. ಅವಳನ್ನು ತಪಾಸಣೆಗೆಂದು ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದವಳು ನಾನೇ. ಯಾವ ದವಾಖಾನೆ, ಯಾವ ಡಾಕ್ಟರು ಎಂದು ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾದ ಕಡೆ ಬರೆದಿದ್ದೇನೆ. ಡಾಕ್ಟರು ಪರದೆ ಎಳೆಯುತ್ತ, "ಸಿಸ್ಟರ್, ನೀವು ಹೊರಗೆ ಕೂತು ರಜಿಸ್ಟರ್ ತುಂಬಿ" ಎಂದರು. ನಾನು ಹೊರಗೆ ಹೋಗಿ ತುಂಬಿದೆ. ಮರಳುವಾಗ ಬಸ್ಸಿನಲ್ಲಿ ಶಾಂತಾ ನನ್ನ ಕಿವಿಯ ಹತ್ತಿರ ಬಾಗಿ, ಆತ ತಪಾಸಣೆಗೆ ಬೇಡದ ಕಡೆಯೆಲ್ಲ ಕೈ ಹಾಕಿದ, ಬೇಡವೆಂದರೂ ಬಿಡಲಿಲ್ಲ ಎಂದಳು. "ಡಾಕ್ಟರ್ ಅಂದಮ್ಯಾಗ ಮುಟ್ಟೇ ನೋಡಬೇಕಲ್ಲವಾ, ಸುಮ್ಮನಿರು" ಎಂದುಬಿಟ್ಟೆ. ಇಪ್ಪತ್ತು ವರ್ಷ ಡಾಕ್ಟರರ ಮುಂದೆ ಕೈಕಟ್ಟಿ ನಿಂತವಳಿಗೆ ಬೇರೆ ಮಾತು ಬಾಯಿಗೆ ಬರಲಿಲ್ಲ. ಅವಳು ಆಳಂದ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಎಂಟು ತಿಂಗಳ ಮೇಲೆ ಜಿಲ್ಲಾ ಕಚೇರಿಯಿಂದ ನನಗೊಂದು ಕಾಗದ ಬಂತು. ಇಂಥ ದಿನ ಜೇವರ್ಗಿ ತಾಲೂಕಿನ ಗಿರಿಜಾ ಎಂಬ ಬಸುರಿಯನ್ನು ತಪಾಸಣೆಗೆ ಕರೆದೊಯ್ದಿದ್ದಿರಾ ಎಂದು ಕೇಳಿದ್ದರು. ಯಾಕೆಂದು ಬರೆದಿರಲಿಲ್ಲ. ರಜಿಸ್ಟರು ತೆಗೆದು ನೋಡಿದೆ. ಆ ದಿನದ ಸಾಲಿನಲ್ಲಿ ಶಾಂತಾ, ಅವಳ ತಂದೆಯ ಹೆಸರು, ಕಿಣ್ಣಿ ಸುಲ್ತಾನ ಎಂದು ನನ್ನದೇ ಅಕ್ಷರ. ಗಿರಿಜಾ ಎಂಬುವವರು ಯಾರೂ ಬಂದಿಲ್ಲ ಎಂದು ಬರೆದು ಸಹಿ ಮಾಡಿ ಕಳಿಸಿದೆ. ಕೆಲಸ ಚೊಕ್ಕವಾಗಿ ಮಾಡಿದೆನೆಂಬ ಹೆಮ್ಮೆ ಬೇರೆ.

ನಿಜ ಗೊತ್ತಾದದ್ದು ಜನವರಿಯಲ್ಲಿ, ಶಾಂತಾಳ ತಾಯಿ ಜ್ವರದ ಗುಳಿಗೆಗೆ ಬಂದಾಗ. ನಮ್ಮ ಕಡೆಯ ಮದುವೆಗಳಲ್ಲಿ ತಾಟಿನ ತುಂಬ ಅಕ್ಕಿ ಹರಡಿ, ಗಂಡನಾದವನು ಉಂಗುರದಿಂದ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ತವರಿನ ಶಾಂತಾ ಅತ್ತೆಮನೆಯಲ್ಲಿ ಗಿರಿಜಾ ಆಗಿದ್ದಳು, ಆ ಹೆಸರಿನಲ್ಲೇ ಡಾಕ್ಟರರ ಮೇಲೆ ದೂರು ಕೊಟ್ಟಿದ್ದಳು. ಅವಳ ಮದುವೆಯಲ್ಲಿ ನಾನು ಹೋಳಿಗೆ ಉಂಡು ಬಂದವಳು; ನನಗೂ ಹೀಗೇ ಎರಡು ಹೆಸರಿವೆ. ಆದರೂ ತಲೆಗೆ ಹೊಳೆಯಲಿಲ್ಲ. ನನ್ನ ಎರಡು ಸಾಲಿನ ಉತ್ತರ ನೋಡಿ ಅವಳ ದೂರನ್ನು ಮುಚ್ಚಿದ್ದರು. ಈಗ ಅವಳನ್ನು ಕಂಡು, ಒಪ್ಪಿದರೆ ಜೊತೆಗೆ ಕರೆದುಕೊಂಡು ಹೋಗಿ, ಆ ದೂರನ್ನು ಮತ್ತೆ ತೆಗೆಸಬೇಕಿತ್ತು.

ಅಫಜಲಪುರಕ್ಕೆ ಟಿಕೆಟ್ಟು ಆರೂವರೆ ರೂಪಾಯಿ. ದಾರಿಯುದ್ದಕ್ಕೂ ಬಿಳಿಜೋಳದ ಕೊಯ್ಲು ನಡೆದಿತ್ತು. ಹತ್ತೂವರೆಗೆ ಇಳಿದು, ಕೇಳುತ್ತ ಕೇಳುತ್ತ ಹೆಣ್ಣುಮಕ್ಕಳ ಶಾಲೆಗೆ ಹೋದೆ. ಶಾಂತಾಳ ಅತ್ತೆಮನೆಯ ಊರಿನಲ್ಲಿದ್ದಾಗ ಅವಳ ದೂರಿನ ಅರ್ಜಿ ಬರೆದುಕೊಟ್ಟ ಕಮಲಾ ಟೀಚರ್ ಈಗ ಅಲ್ಲಿಗೆ ವರ್ಗವಾಗಿ ಬಂದಿದ್ದರು. ದೂರಿನ ಪ್ರತಿ ಅವರ ಹತ್ತಿರವಿತ್ತು. ಊಟದ ಗಂಟೆ ಬಾರಿಸಿದ ಮೇಲೆ ಹೊರಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀವೇನ್ರಿ ಆ ನರ್ಸಬಾಯಿ?"

ಹೌದು ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೇವಿನ ಗಿಡದ ಕೆಳಗೆ ಕೂಡಿಸಿ ನೀರು ಕೊಟ್ಟರು. "ಶಾಂತಾ ಅಂತ ಬರೀಲೇನ್ರಿ ಅಂತ ಆಕಿ ಅತ್ತಿಗಿ ನಾನೇ ಕೇಳಿದ್ನಿ. ನಕೋ ಟೀಚರ್, ಈಗ ಆಕಿ ನಮ್ಮ ಮನಿ ಮಗಳು, ನಮ್ಮ ಮನಿ ಹೆಸರ್ಲೇ ಹೋಗ್ಲಿ ಅಂದ್ರು. ನಾನೂ ಖುಷಿಲೇ ಬರದ್ನಿ. ತಪ್ಪು ನಂದೂ ಅದ" ಎಂದರು.

ಆ ರಾತ್ರಿ ಅವರ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಪ್ರತಿಯನ್ನು ನನ್ನ ಕೈಗಿಡುವಾಗ, "ತಪ್ಪಾತು ಅಂತ ಬರೀ ಬಾಯಿಲೇ ಹೇಳಾಕ ಹೋಗಬ್ಯಾಡ್ರಿ. ಇಲ್ಲ ಅಂತ ಬರದು ಕೊಟ್ಟೀರಿ, ಹೌದು ಅಂತನೂ ಬರದೇ ಒಯ್ರಿ" ಎಂದರು. ಟೀಚರು ಟೀಚರೇ.

ಗಾಣಗಾಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಗುಲ್ಬರ್ಗದ ಬಸ್ಸಿಗೆ ಎರಡು ತಾಸು ಸಮಯವಿದೆ ಎಂದರು. ಪಕ್ಕದ ಮನೆಯ ಕಾಯಿಯನ್ನು ಒಡೆಸಿ, ಒಂದು ಲಾಡ್ಜಿನ ಕಟ್ಟೆಯ ಮೇಲೆ ಕಾಗದ ಹರಡಿಕೊಂಡು ಕೂತೆ. ಸೊಲ್ಲಾಪುರದ ಕಡೆಯ ಭಕ್ತರು ಒದ್ದೆ ಬಟ್ಟೆಯಲ್ಲೇ ಭೀಮೆಯಿಂದ ಬರುತ್ತಿದ್ದರು. ಮೂರು ಸಲ ಬರೆದು ಹರಿದೆ. 'ನನ್ನ ಗಮನಕ್ಕೆ ಬಂದಿರಲಿಲ್ಲ' ಎಂದು ಪೆನ್ನು ತಾನೇ ತಾನಾಗಿ ಬರೆಯುತ್ತಿತ್ತು, ಕಚೇರಿಯ ಚಾಳಿ. ಗಮನಕ್ಕೆ ಬಂದಿತ್ತು. ಅದೇ ದಿನ, ಅದೇ ಬಸ್ಸಿನಲ್ಲಿ ಬಂದಿತ್ತು.

ಲಾಡ್ಜಿನ ಮುದುಕ ಹರಿದ ಚೂರುಗಳನ್ನು ನೋಡಿ, "ಹರಕಿ ಚೀಟಿ ಏನ್ರಿ ಬಾಯಿ? ದೇವರಿಗಿ ಇಷ್ಟುದ್ದ ಬರೀಬೇಕಾಗಂಗಿಲ್ರಿ" ಎಂದ.

"ದೇವರಿಗಲ್ಲೋ ತಂದೆ, ಸಾಹೇಬರಿಗಿ" ಎಂದೆ.

"ಹಂಗಾದ್ರ ಉದ್ದಕಽ ಬರೀರಿ" ಎಂದು ಒಳಗೆ ಹೋದ. ನಾಲ್ಕನೆಯ ಸಲ ಬರೆದದ್ದು ನಿಂತಿತು. ಡಾಕ್ಟರು ನನ್ನನ್ನು ಹೊರಗೆ ಕಳಿಸಿದ್ದು, ಶಾಂತಾ ಅಂದೇ ನನಗೆ ಹೇಳಿದ್ದು, ನಾನು ಬಾಯಿ ಮುಚ್ಚಿಸಿದ್ದು, ಆಮೇಲೆ ಇಲ್ಲ ಎಂದು ಬರೆದದ್ದು, ಎಲ್ಲವನ್ನೂ ಒಂದೂವರೆ ಪುಟದಲ್ಲಿ ಬರೆದೆ.

ಗುಲ್ಬರ್ಗದಲ್ಲಿ ರೊಟ್ಟಿ ತಿಂದು ಜೇವರ್ಗಿಯ ಬಸ್ಸು ಹತ್ತಿದೆ. ಭೀಮೆಯ ಸೇತುವೆ ದಾಟುವಾಗ ಬಿಸಿಲು ಕಣ್ಣು ಕುಕ್ಕುತ್ತಿತ್ತು. ನಾಲ್ಕು ಗಂಟೆಗೆ ಇಳಿದು, ಅಲ್ಲಿಂದ ಮೂರು ಮೈಲಿ ಟಾಂಗಾ. ಊರ ಅಗಸಿ ಬಾಗಿಲ ಹತ್ತಿರ ಇಳಿದೆ. ಹೆರಿಗೆ ಕೋಣೆಗೆ ಎಂದೂ ಹೆದರದವಳು ಒಂದು ಮನೆಯ ಹೊಸ್ತಿಲಿಗೆ ಹೆದರಿ ನಿಂತಿದ್ದೆ.

ಅತ್ತೆ ನೀಲಮ್ಮ ಅಂಗಳದಲ್ಲಿ ತೊಗರಿಬೇಳೆ ಕೇರುತ್ತಿದ್ದರು. ಹಣೆಯ ತುಂಬ ವಿಭೂತಿ, ಗಟ್ಟಿ ಮೈಕಟ್ಟಿನ ಹೆಣ್ಣುಮಗಳು. ನಾನು ಯಾರೆಂದು ಹೇಳಿದೊಡನೆ ಮೊರ ಕೆಳಗಿಟ್ಟರು. "ಗಿರಿಜಾ, ಬಾ ಇಲ್ಲಿ" ಎಂದು ಕರೆದರು. ಶಾಂತಾ ಕೂಸನ್ನು ಎತ್ತಿಕೊಂಡು ಬಂದಳು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು.

ಬಾಯಿಗೆ ಬಂದಷ್ಟು ಹೇಳಿದೆ. ಬರೆದ ಕಾಗದವನ್ನು ಓದಿ ತೋರಿಸಿದೆ. ನೀಲಮ್ಮ, "ನಮ್ಮ ಮನಿ ಹೆಸರು ಹಾಕಸಿದಾಕಿ ನಾನು. ನಿಮಗೊಬ್ರಿಗೇ ಏನನ್ಲಿ" ಎಂದರು. ಮಗ ಮೊದಲು ದೂರು ಬೇಡವೆಂದಿದ್ದನಂತೆ, ಊರು ನಗುತ್ತದೆ ಎಂದು. "ನಗ್ಲಿ, ನಗಾವ್ರ ಮನ್ಯಾಗೂ ಬಸುರಿ ಇರ್ತಾರ ಅಂದ್ನಿ" ಎಂದರು. ಅಂಥ ಅತ್ತೆ ಬೆನ್ನಿಗಿದ್ದೂ ಆ ಹುಡುಗಿ ನನ್ನಿಂದ ಸೋತಿದ್ದಳು.

ಶಾಂತಾ ಕೂಸಿನ ಕುಲಾವಿ ಸರಿಮಾಡುತ್ತ ಕೇಳಿದಳು. "ಬಾಯಿ, ಕಚೇರಿ ಕಾಗದ ಬಂದಾಗ ಖರೇನಽ ನಿಮಗ ನನ್ನ ನೆನಪು ಬರಲಿಲ್ಲೇನು?"

ಇಲ್ಲ ಎಂದರೆ ಸುಳ್ಳಾಗುತ್ತಿತ್ತು. ಆ ಸಾಲಿನ ಮೇಲೆ ಬೆರಳಿಟ್ಟಾಗ, ಅವಳು ಬಸ್ಸಿನಲ್ಲಿ ಹೇಳಿದ್ದು ಒಂದು ಗಳಿಗೆ ನೆನಪಾಗಿತ್ತು. ಹೆಸರು ಬೇರೆ ಇದೆ ಎಂದು ನೆಮ್ಮದಿಯಾಗಿತ್ತು. ಇದನ್ನು ನಾನು ಆ ಒಂದೂವರೆ ಪುಟದಲ್ಲೂ ಬರೆದಿರಲಿಲ್ಲ. "ಬಂದಿತ್ತವಾ" ಎಂದೆ.

ಅವಳು ತಲೆಯಾಡಿಸಿದಳು. ಇರಲಿ ಬಿಡ್ರಿ ಎನ್ನಲಿಲ್ಲ. ಒಳಗೆ ಹೋಗಿ ಚಹಾಕ್ಕಿಟ್ಟಳು. ಚಹಾ ಕೊಡುವಾಗ, "ನಾಳಿ ಎಷ್ಟಕ್ಕ ಬಸ್ಸು ಅದ ಅತ್ತಿ?" ಎಂದು ಕೇಳಿದ್ದು ನನ್ನನ್ನಲ್ಲ.

ಮೂರನೆಯ ದಿನ ನಾವು ಮೂವರೂ, ಕೂಸು ಸೇರಿ ನಾಲ್ವರು, ಹನ್ನೊಂದಕ್ಕೆ ಗುಲ್ಬರ್ಗದ ಕಚೇರಿಯಲ್ಲಿದ್ದೆವು. ಗುಮಾಸ್ತನು ಸಾಹೇಬರಿಲ್ಲ, ನಾಳೆ ಬನ್ನಿ ಎಂದ. ನೀಲಮ್ಮ ಕೂಸನ್ನು ಅವನ ಮೇಜಿನ ಮೇಲೆಯೇ ಕೂಡಿಸಿ, "ನಾವು ಇಲ್ಲೇ ಕುಂದ್ರತೇವಿ, ನೀ ನಿನ್ನ ಕೆಲಸ ಮಾಡು ತಮ್ಮಾ" ಎಂದರು. ಅರ್ಧ ತಾಸಿನಲ್ಲಿ ಒಳಗಿಂದ ಕರೆ ಬಂತು. ವಿಚಾರಣೆಗೆ ಕೂತಿದ್ದವರು ಮೈಸೂರು ಕಡೆಯ ಒಬ್ಬ ವಯಸ್ಸಾದ ಅಧಿಕಾರಿಣಿ. ನನ್ನ ಕಾಗದವನ್ನು ಎರಡು ಸಲ ಓದಿದರು. ನಾನು ಬಿಟ್ಟಿದ್ದ ಮಾತನ್ನೂ ಅಲ್ಲೇ ಕೊನೆಗೆ ಬರೆದು ಸಹಿ ಮಾಡಿದೆ. ಆಮೇಲೆ ಅವರು ನನ್ನನ್ನು ಹೊರಗೆ ಕಳಿಸಿ, ಶಾಂತಾಳನ್ನು ಕೂಡಿಸಿಕೊಂಡರು. "ನಿನಗೆ ಯಾರು ಜೊತೆಗಿರಬೇಕೋ ಅವರಿರಲಿ. ಹೇಳೋದಕ್ಕೆ ಕಷ್ಟ ಆದ್ರೆ ನಿಲ್ಲಿಸಮ್ಮ, ಅವಸರ ಇಲ್ಲ" ಎಂದದ್ದು ಬಾಗಿಲು ಮುಚ್ಚುವ ಮೊದಲು ಕೇಳಿಸಿತು. ಈ ಎರಡು ಮಾತು ನನ್ನ ಬಾಯಿಂದ ಒಂದು ವರ್ಷದ ಹಿಂದೆಯೇ ಬರಬೇಕಾಗಿತ್ತು.

ಮುಕ್ಕಾಲು ತಾಸಿನ ಮೇಲೆ ಮತ್ತೆ ಕರೆದರು. ಎರಡೂ ಹೆಸರು ಹಾಕಿ ದೂರನ್ನು ಮತ್ತೆ ತೆರೆದಿದ್ದರು. ಪೊಲೀಸರಿಗೂ ಕೊಡಬಹುದು, ಕೊಡುವುದಾದರೆ ಜೊತೆಗೆ ಒಬ್ಬ ಹೆಣ್ಣುಮಗಳನ್ನು ಕಳಿಸುತ್ತೇನೆ ಎಂದರು. ಶಾಂತಾ, ಮನೆಯಲ್ಲಿ ಮಾತಾಡಿ ಹೇಳುತ್ತೇನೆ ಎಂದಳು. ಕೊನೆಗೆ ಆ ಅಧಿಕಾರಿಣಿ ಕನ್ನಡಕ ತೆಗೆದು ಹೇಳಿದರು, ಮೊದಲ ದೂರು ಮುಚ್ಚಿದ ಮೇಲೆ ಆ ಡಾಕ್ಟರಿಗೆ ಬೇರೆ ಜಿಲ್ಲೆಗೆ ವರ್ಗವಾಗಿದೆ, ಅಲ್ಲಿಯೂ ಹೆರಿಗೆ ವಿಭಾಗವೇ. ಕಾಗದ ಅವರ ಹಿಂದೆ ಹೋಗಿ ಮುಟ್ಟಲು ಕೆಲವು ತಿಂಗಳು ಹಿಡಿಯಬಹುದು. ನಾಲ್ಕು ತಿಂಗಳಿಂದ ಆತ ಅಲ್ಲಿ ದಿನವೂ ಪರದೆ ಎಳೆಯುತ್ತಿದ್ದ.

ನನ್ನ ಆಳಂದದ ಬಸ್ಸು ಮೂರಕ್ಕಿತ್ತು. ಅತ್ತೆ, ಸೊಸೆ ಇಬ್ಬರೂ ನಿಲ್ದಾಣದವರೆಗೆ ಬಂದರು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಶಾಂತಾ ಕೆಳಗೆ ನಿಂತು ಕೂಸನ್ನು ಅತ್ತೆಯ ಕೈಗೆ ಕೊಟ್ಟು, ಕಿಟಕಿಯ ಸರಳು ಹಿಡಿದಳು.

"ಬಾಯಿ, ಆ ಊರಾಗೂ ಒಬ್ಬಾಕಿ ನರ್ಸಬಾಯಿ ಇರ್ತಾಳಲ್ರಿ, ಬಸುರೇರನ್ನ ಕರಕೊಂಡು ಹೋಗಾಕಿ?"

"ಇರ್ತಾಳವಾ."

"ಆಕಿಗಿ ಕಾಗದ ಬರೀರಿ. ಕಚೇರಿ ಕಾಗದ ಹೋಗಿ ಮುಟ್ಟೂತನಕ ಕಾಯಬ್ಯಾಡ್ರಿ. ಆಕೀನೂ ನಿಮ್ಮಂಗ ಒಳ್ಳೇಕಿನೇ ಇರ್ತಾಳ. ಹೊರಗ ಹೋಗು ಅಂದ್ರ, ಹೋಗ್ತಾಳ."

ಬಸ್ಸು ಹೊರಟಿತು. ತಿರುಗಿ ನೋಡಿದಾಗ ಅವಳು ಆಗಲೇ ಕೂಸನ್ನು ಮರಳಿ ಎತ್ತಿಕೊಂಡು ಅತ್ತೆಯ ಪಕ್ಕ ನಡೆಯುತ್ತಿದ್ದಳು.