ಕರೆಂಟಿಲ್ಲದ ಇಸ್ತ್ರಿ

ನಿನ್ನೆ ಸಂಜೆ ಯಜಮಾನರ ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದೆ. ಒಂದು ಕಾಲು ಮುಗಿದು ಇನ್ನೊಂದಕ್ಕೆ ಬರುವಷ್ಟರಲ್ಲಿ ಕರೆಂಟು ಹೋಯಿತು. ಕಾದ ಬಟ್ಟೆಯ ವಾಸನೆ ಮೂಗಿಗೆ ಬಡಿಯುತ್ತಿದ್ದಂತೆ ಬಿಳಿಕೆರೆಯ ನಮ್ಮ ಮಾವ ನೆನಪಾದರು. ಬದುಕಿದ್ದರೆ ಖುಷಿಪಡುತ್ತಿದ್ದರು. ಅರ್ಧ ಪ್ಯಾಂಟಿನ ಕರೆಂಟು ಉಳಿಯಿತಲ್ಲ!

ನಾನು ಮಿರ್ಲೆಯಿಂದ ಆ ಮನೆಗೆ ಸೊಸೆಯಾಗಿ ಹೋದದ್ದು ತೊಂಬತ್ತರ ದಶಕದಲ್ಲಿ. ಅತ್ತೆ ಆಗಲೇ ತೀರಿಕೊಂಡಿದ್ದರು. ಮನೆಯಲ್ಲಿ ಮಾವ, ನನ್ನ ಗಂಡ, ಮತ್ತೆ ಮಾವನ ಅಕ್ಕ ದೊಡ್ಡತ್ತೆ. ಮಾವನಿಗೆ ಗದ್ದೆಯೂ ಇತ್ತು, ತೋಟವೂ ಇತ್ತು. ಕೈ ಮಾತ್ರ ಬಿಗಿ. ಬಿಳಿ ಬಟ್ಟೆ ನೆನೆಸಿದ ಸೋಪಿನ ನೀರಿಗೇ ಬಣ್ಣದ ಬಟ್ಟೆ, ಆಮೇಲೆ ಕಾಲೊರೆಸು, ಕೊನೆಗೆ ಆ ನೀರಿನಲ್ಲೇ ಕೊಟ್ಟಿಗೆ ತೊಳೆಯಬೇಕು. ತವರಿನವರು ಕೊಟ್ಟ ಇಸ್ತ್ರಿಪೆಟ್ಟಿಗೆಯನ್ನು ಒಂದು ದಿನ ಹೊರತೆಗೆದೆ ನೋಡಿ, ಮಾವ ಮೀಟರಿನ ಮುಂದೆ ನಿಂತರು. "ಏನವ್ವಾ ಇದು, ಚಕ್ರ ಗಾಣದೆತ್ತಿಗಿಂತ ಜೋರಾಗಿ ತಿರುಗ್ತಾ ಅದೆ!" ಪೆಟ್ಟಿಗೆ ಟ್ರಂಕು ಸೇರಿತು.

ಹಾಗಾದರೆ ಇಸ್ತ್ರಿ? ಅದಕ್ಕೆ ದೊಡ್ಡತ್ತೆ ಇದ್ದರು. ಮೈಕಟ್ಟು ದೊಡ್ಡದು, ನಿದ್ದೆ ಅದಕ್ಕಿಂತ ದೊಡ್ಡದು. ಮಲಗಿದರೆ ಬೆಳಗಿನವರೆಗೂ ಮಗ್ಗುಲು ಬದಲಿಸುವವರಲ್ಲ. ಬಟ್ಟೆ ಸ್ವಲ್ಪ ಹಸಿಯಿರುವಾಗಲೇ ಮಡಿಸಿ ಅವರ ಹಾಸಿಗೆಯಡಿ ಇಟ್ಟರೆ ಬೆಳಿಗ್ಗೆ ಗರಿಗರಿ. ಹುಣಸೂರಿನ ಕಚೇರಿಯಲ್ಲಿ ನನ್ನ ಗಂಡನ ಪ್ಯಾಂಟಿನ ಗೆರೆಯನ್ನು ನೋಡಿ ಜನ ಹೊಟ್ಟೆ ಉರಿದುಕೊಳ್ಳುತ್ತಿದ್ದರಂತೆ.

ಒಂದು ದಿನ ನೆಂಟರು ಆ ಗೆರೆಯನ್ನು ಹೊಗಳಿದರು. ಮಾವ ಉಬ್ಬಿ, "ನಮ್ಮಕ್ಕನೇ ಇಸ್ತ್ರಿಪೆಟ್ಟಿಗೆ ಕಣ್ರೀ. ಕರೆಂಟು ಬೇಡ, ಎರಡು ಮುದ್ದೆ ಆಕಿದ್ರೆ ಸಾಕು" ಅಂದುಬಿಟ್ಟರು. ಎಲ್ಲರೂ ನಕ್ಕರು. ನಾನೂ ನಕ್ಕೆ. ದೊಡ್ಡತ್ತೆ ಎದ್ದು ಒಳಗೆ ಹೋದರು. ಬೆಳಿಗ್ಗೆ ಚೀಲ ಹಿಡಿದು, ಹಂಪಾಪುರದ ಮಗಳ ಮನೆಗೆ ಹೋಗುತ್ತೇನೆಂದು ಬಸ್ಸು ಹತ್ತಿದರು.

ಅಂದು ರಾತ್ರಿ ಮಾವ ತಾವೇ ಬಟ್ಟೆಯ ಮೇಲೆ ಮಲಗಿದರು. ಅವರದು ಹೊರಳಾಡುವ ನಿದ್ದೆ. ಪ್ಯಾಂಟಿನ ಒಂದು ಗೆರೆ ನಾಲೆಯಂತೆ ಕವಲೊಡೆದು ಊರೆಲ್ಲ ಹರಿದಿತ್ತು. ನನ್ನ ಗಂಡ ಅದನ್ನೇ ತೊಟ್ಟು ಹೋಗಿ, "ಬಸ್ಸಿನ ಟಾಪಲ್ಲಿ ಮಲಗಿ ಬಂದ್ರಾ?" ಅನ್ನಿಸಿಕೊಂಡು ಬಂದರು. ಬಟ್ಟೆಯದು ಹೋಗಲಿ, ಮಾವನಿಗೆ ಊಟವೂ ಸೇರಲಿಲ್ಲ. ಮುದ್ದೆ ಮುರಿಯುತ್ತ ಅಕ್ಕ ಕೂರುತ್ತಿದ್ದ ಜಾಗವನ್ನೇ ನೋಡುತ್ತಿದ್ದರು. ಕೆಲವು ದಿನ ಕಳೆದ ಮೇಲೆ ಟ್ರಂಕಿನ ಬೀಗ ತೆಗೆದು, "ನನ್ನ ಅಂಗಿಗೊಂದು ಇಸ್ತ್ರಿ ಆಕ್ಕೊಡವ್ವ" ಅಂದರು. ಮೀಟರಿನ ಕಡೆ ತಿರುಗಿಯೂ ನೋಡಲಿಲ್ಲ.

ಹಂಪಾಪುರಕ್ಕೆ ಒಬ್ಬರೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದುಕೊಂಡು ಹೋದರು. ದೊಡ್ಡತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ತಲೆಯೆತ್ತಲಿಲ್ಲ.

"ಇಸ್ತ್ರಿಪೆಟ್ಟಿಗೆ ತಕ್ಕೊಂಡೋಗಕ್ಕೆ ಬಂದ್ಯೇನ್ಲಾ?"

"ಇಲ್ಲ ಕಣಕ್ಕ. ಈ ಅಂಗಿ ನೋಡು, ಕರೆಂಟಲ್ಲೇ ಮಾಡಿಸ್ಕೊಂಡು ಬಂದಿವ್ನಿ. ಇನ್ಮೇಲೆ ನಿನ್ನ ಆಸಿಗೆ ತಂಟೆಗೆ ಯಾರೂ ಬರಾಕಿಲ್ಲ. ನೀನು ಬಂದು ಸುಮ್ಕೆ ಮಲೀಕೊ."

ದೊಡ್ಡತ್ತೆ ಅಂಗಿಯ ತೋಳನ್ನು ಬೆರಳಲ್ಲಿ ಹಿಡಿದು ನೋಡಿದರು. "ದುಡ್ಡು ಎಚ್ಚಾಗೈತಾ ನಿಂಗೆ?" ಅಂದರು. ಸಂಜೆಯ ಬಸ್ಸಿಗೆ ಮೂವರೂ ಹೊರಟೆವು.

ಮಾರನೇ ದಿನ ನಾನು ಇಸ್ತ್ರಿಗೆ ಕೂತಾಗ ದೊಡ್ಡತ್ತೆಯೇ ಬಂದು ಸ್ವಿಚ್ಚು ಆರಿಸಿದರು. "ಆ ಪ್ಯಾಂಟು ಕೊಡಿಲ್ಲಿ, ನಿನ್ನ ಸೀರೇನೂ ಕೊಡು. ಸುಮ್ಕೆ ಯಾಕೆ ದಂಡ? ನಿಮ್ಮ ಮಾವಂದು ಮಾತ್ರ ಬ್ಯಾಡ."

ದೊಡ್ಡತ್ತೆ ಇರುವ ತನಕವೂ ಅದೇ ಕಾನೂನು. ಮಾವನ ಪಂಚೆ ಕೊನೆಯವರೆಗೂ ಮುದುರಿಕೊಂಡೇ ಇತ್ತು. ಮಾವ ಒಂದು ದಿನವೂ ಆಕ್ಷೇಪಿಸಲಿಲ್ಲ, ಕರೆಂಟೂ ಕೇಳಲಿಲ್ಲ.

ಈ ಕಥೆಯನ್ನು ಎಷ್ಟು ಜನಕ್ಕೆ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ನಿನ್ನೆ ಕರೆಂಟು ಬರುವ ಲಕ್ಷಣ ಕಾಣದೆ ಯಜಮಾನರು ಪ್ಯಾಂಟು ಮಡಿಸುತ್ತ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಆಮೇಲೆ ಬಹಳ ಮೆತ್ತಗೆ, "ಇದನ್ನ ನಿನ್ನ ಕಡೆ ಹಾಸಿಗೆ ಕೆಳಗೆ ಇಡ್ಲಾ?" ಎಂದರು.

ನನಗೆ ನಗು ಬರಲಿಲ್ಲ. ಅವತ್ತು ನೆಂಟರ ಜೊತೆ ನಾನೂ ನಕ್ಕಾಗ ದೊಡ್ಡತ್ತೆ ನನ್ನ ಕಡೆ ನೋಡಿದ್ದರೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.